‘ಗ್ಯಾಸ್ ಆಗೇತಿ ಸಿಸ್ಟರ್’

ದಾವಣಗೆರೆ, ಚಿತ್ರದುರ್ಗದ ಕಡೆ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು: ಗ್ಯಾಸ್. ಎದೆ ಉರಿದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ಎರಡು ದಿನ ಹೊರಕಡೆ ಆಗದಿದ್ದರೂ ಗ್ಯಾಸ್. ರೋಗಿ ಹಾಗಂದರೆ ತಪ್ಪಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳು ಅದನ್ನೇ ‘ಗ್ಯಾಸ್ಟ್ರೈಟಿಸ್’ (ಜಠರದ ಉರಿಯೂತ) ಮಾಡಿ ಕೇರ್ ಪ್ಲಾನಿಗೆ, ಅಂದರೆ ರೋಗಿಯ ಆರೈಕೆಯ ಯೋಜನೆ ಬರೆಯುವ ಹಾಳೆಗೆ, ತುಂಬುವುದು ತಪ್ಪು. ಅದು ಡಾಕ್ಟರು ಬರೆಯುವ ರೋಗದ ಹೆಸರು. ಆ ರೋಗದಿಂದ ಈ ಮನುಷ್ಯನಿಗೆ ಏನಾಗಿದೆ, ಅದರಲ್ಲಿ ನರ್ಸ್ ಕೈಲಾಗುವುದು ಯಾವುದು, ಅಷ್ಟೇ ನಮ್ಮ ನರ್ಸಿಂಗ್ ಡಯಾಗ್ನೋಸಿಸ್. (ಗ್ಯಾಸ್ ಅನ್ನುತ್ತಾ ಬೆವರುತ್ತಿದ್ದರೆ, ಎಡತೋಳು ನೋಯುತ್ತಿದ್ದರೆ ಪೆನ್ನು ಕೆಳಗಿಟ್ಟು ಡಾಕ್ಟರನ್ನು ಕರೆಯಿರಿ, ಇಸಿಜಿ ಆಗಲಿ.)

ವಾಂತಿ-ಭೇದಿ ಕೇಸನ್ನೇ ನೋಡಿ. ಸಮಸ್ಯೆ: ದೇಹದಲ್ಲಿ ನೀರಿನ ಕೊರತೆ. ‘ರಿಲೇಟೆಡ್ ಟು’ (ಕಾರಣ) ಆದಮೇಲೆ ಗ್ಯಾಸ್ಟ್ರೋಎಂಟರೈಟಿಸ್ (ಜಠರ-ಕರುಳಿನ ಉರಿಯೂತ) ಅಂತ ಬರೆದರೆ ಮತ್ತೆ ರೋಗದ ಹೆಸರೇ ಬಂತು. ‘ಭೇದಿ, ವಾಂತಿಯಲ್ಲಿ ನೀರು ಹೋಗಿರುವುದು’ ಎಂದು ಬರೆಯಿರಿ. ‘ಆಸ್ ಎವಿಡೆನ್ಸ್ಡ್ ಬೈ’ಗೆ, ಅಂದರೆ ಕಂಡ ಪುರಾವೆಗೆ, ಅಂಕಿ ಬೇಕು: ನಿನ್ನೆಯಿಂದ 8 ಸಲ ನೀರುಭೇದಿ, ಒಣಗಿದ ನಾಲಿಗೆ, ನಾಡಿ ನಿಮಿಷಕ್ಕೆ 112, 6 ಗಂಟೆಯಲ್ಲಿ ಮೂತ್ರ 100 ಮಿ.ಲೀ. ದೊಡ್ಡವರಿಗೆ ಗಂಟೆಗೆ, ತೂಕದ ಪ್ರತಿ ಕೆ.ಜಿ.ಗೆ 0.5 ಮಿ.ಲೀ. ಆದರೂ ಮೂತ್ರ ಬರಬೇಕು. 50 ಕೆ.ಜಿ. ತೂಕದವರಿಗೆ 6 ಗಂಟೆಗೆ 150 ಆಗಬೇಕಿತ್ತು. ಈ ಲೆಕ್ಕ ಇನ್‌ಟೇಕ್-ಔಟ್‌ಪುಟ್ ಚಾರ್ಟಿನಿಂದಲೇ (ಒಳಹೋದ, ಹೊರಬಂದ ನೀರು ಬರೆಯುವ ಹಾಳೆ) ಬರಬೇಕು, ಪಕ್ಕದ ಬೆಡ್ಡಿನ ಫೈಲಿನಿಂದಲ್ಲ. ನೀರಿನ ಕೊರತೆ ತಿಳಿಯಲು ವಯಸ್ಸಾದವರ ಮುಂಗೈ ಚರ್ಮ ಎಳೆದು ನೋಡಬೇಡಿ, ಅದು ಮೊದಲೇ ಸಡಿಲ. ಎದೆಮೂಳೆಯ ಮೇಲೆ ನೋಡಿ.

ಹೊಟ್ಟೆ ಪರೀಕ್ಷೆಯಲ್ಲಿ ಮೊದಲು ಕಣ್ಣು, ಆಮೇಲೆ ಸ್ಟೆತಸ್ಕೋಪು, ಕೊನೆಗೆ ಕೈ. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ಸದ್ದೇ ಇಲ್ಲ ಅಂತ ಬರೆಯುವ ಮುನ್ನ ಪೂರಾ 5 ನಿಮಿಷ ಕೇಳಿ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಹಾಸಿಗೆ ಹಿಡಿದ ಅಜ್ಜ-ಅಜ್ಜಿಯರ ವಿಷಯದಲ್ಲಿ. ಬಟ್ಟೆಯಲ್ಲಿ ತೆಳ್ಳಗೆ ಸೋರಿದ್ದು ಕಂಡ ಕೂಡಲೇ ‘ಡಯೇರಿಯಾ’ (ಭೇದಿ) ಎಂದು ಬರೆದುಬಿಡುತ್ತಾರೆ. ಎಷ್ಟೋ ಸಲ ಒಳಗೆ ಮಲ ಕಲ್ಲಿನಂತೆ ಕಟ್ಟಿಕೊಂಡು, ಅದರ ಪಕ್ಕದಿಂದ ನೀರು ಮಾತ್ರ ಜಾರಿರುತ್ತದೆ. ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಬಿದ್ದರೆ ಕಟ್ಟಿದ್ದು ಇನ್ನಷ್ಟು ಬಿಗಿಯುತ್ತದೆ. ‘ಅಜ್ಜಿ, ಗಟ್ಟಿಯಾಗಿ ಹೋಗಿ ಎಷ್ಟು ದಿನ ಆತು?’ ಅಂತ ಕೇಳಿ. ಅವರಿಗೆ ನೆನಪಿರದಿದ್ದರೆ ಸೊಸೆಗೆ ಗೊತ್ತಿರುತ್ತದೆ. ಮಲ ಕಪ್ಪಗಿದ್ದರೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದಾರಾ ವಿಚಾರಿಸಿ. ಡಾಂಬರಿನ ಹಾಗೆ ಅಂಟಂಟಾಗಿ, ವಿಪರೀತ ನಾರುತ್ತಿದ್ದರೆ ರಕ್ತಸ್ರಾವ ಇರಬಹುದು, ಕೂಡಲೇ ಡಾಕ್ಟರಿಗೆ ತಿಳಿಸಿ.

‘ರಿಸ್ಕ್ ಫಾರ್’ (ಇನ್ನೂ ಬಂದಿಲ್ಲ, ಬರಬಹುದು ಅನ್ನುವ) ಡಯಾಗ್ನೋಸಿಸ್‌ಗೆ ಲಕ್ಷಣ ಹಾಕಬೇಡಿ. ಲಕ್ಷಣ ಬಂದಿದ್ದರೆ ಅದು ರಿಸ್ಕ್ ಹೇಗಾದೀತು? ಅಲ್ಲಿಗೆ ಅಪಾಯದ ಕಾರಣ ಸಾಕು.

ಕೇರ್ ಪ್ಲಾನಿನ ಗುರಿಯಲ್ಲಿ ‘ರೋಗಿ ಗುಣಮುಖನಾಗುವನು’ ಅನ್ನುವ ಸಾಲು ಯಾವ ಪುಣ್ಯಾತ್ಮರು ಶುರು ಮಾಡಿದರೋ. ಅದೇ 50 ಕೆ.ಜಿ. ರೋಗಿಗೆ ‘24 ಗಂಟೆಯೊಳಗೆ ಮೂತ್ರ ಗಂಟೆಗೆ 25 ಮಿ.ಲೀ. ದಾಟಬೇಕು, ನಾಲಿಗೆ ಒದ್ದೆಯಾಗಿರಬೇಕು’ ಎಂದರೆ ಮರುದಿನ ಅಳೆದು ನೋಡಬಹುದು.

ಇನ್ನು ತಿಳಿವಳಿಕೆ ಹೇಳುವುದು. ‘ಖಾರ ತಿನ್ನಬೇಡಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಸಂಜೆ ಮಿರ್ಚಿ-ಮಂಡಕ್ಕಿ ಪೊಟ್ಟಣ ವಾರ್ಡಿಗೇ ಬರುತ್ತದೆ. ಮಿರ್ಚಿ ಬೇಡ, ಬೆಣ್ಣೆದೋಸೆ ಸದ್ಯಕ್ಕೆ ಬೇಡ, ಗಂಜಿ, ಮೆತ್ತಗಿನ ಅನ್ನ-ಮಜ್ಜಿಗೆ ಆಗಬಹುದು ಅಂತ ಹೆಸರು ಹಿಡಿದೇ ಹೇಳಿ. ಓಆರ್‌ಎಸ್ ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ. ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು, ಸಕ್ಕರೆ ಅತಿಯಾಗಿ ಭೇದಿ ಹೆಚ್ಚುತ್ತದೆ. ಲೀಟರ್ ಬಾಟಲಿ ತರಿಸಿ, ನಿಮ್ಮ ಮುಂದೆಯೇ ಅವರ ಕೈಯಲ್ಲೇ ಕಲಸಿಸಿ.