ಕಾಲ್ಟೆನ್‌ಬಾರ್ನ್ ಮತ್ತು ಅವರ ಮೈಕ್‌ಗೆ ದುಡ್ಡು ಕೊಟ್ಟವರು

ರೇಡಿಯೊ ಸುದ್ದಿಯ ಮಾತು ಬಂದರೆ ಎಲ್ಲರೂ ಎಡ್ವರ್ಡ್ ಮರ್ರೋ ಹೆಸರು ಹೇಳುತ್ತಾರೆ. ಲಂಡನ್ ಮೇಲೆ ಬಾಂಬ್ ಬೀಳುವಾಗ ಅಲ್ಲಿ ನಿಂತು ಮಾತಾಡಿದವರು, ದೊಡ್ಡ ಪತ್ರಕರ್ತ, ನನ್ನದೇನೂ ತಕರಾರಿಲ್ಲ. ಆದರೆ ಅವರಿಗಿಂತ ಮೊದಲೇ ಅಮೆರಿಕದ ಮನೆಮನೆಗೆ ಗೊತ್ತಿದ್ದ ದನಿ ಎಚ್. ವಿ. ಕಾಲ್ಟೆನ್‌ಬಾರ್ನ್ ಅವರದ್ದು. ಈಗ ಆ ಹೆಸರು ಹೇಳಿದರೆ ಅದ್ಯಾರು ಅಂತ ಕೇಳುವವರೇ ಜಾಸ್ತಿ. ತಮಗೆ ಅನ್ನಿಸಿದ್ದನ್ನು ಹೇಳಿಯೇ ಹೆಸರು ಮಾಡಿದ ಮನುಷ್ಯ ಇವರು. ಮೈಕ್ ಮಾತ್ರ ಯಾವತ್ತೂ ಅವರದ್ದಾಗಿರಲಿಲ್ಲ. ಒಮ್ಮೆ ಟೆಲಿಫೋನ್ ಕಂಪನಿಯದ್ದು, ಒಮ್ಮೆ ಹಿಟ್ಟಿನ ಕಂಪನಿಯದ್ದು, ಆಮೇಲೆ ಎಣ್ಣೆ ಕಂಪನಿಯದ್ದು.

ಹುಟ್ಟಿದ್ದು 1878ರಲ್ಲಿ, ಮಿಲ್ವಾಕೀ ಊರಿನಲ್ಲಿ, ಜರ್ಮನ್ ಮೂಲದ ಮನೆಯಲ್ಲಿ. ‘ಬ್ರೂಕ್ಲಿನ್ ಈಗಲ್’ ಪತ್ರಿಕೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ರೇಡಿಯೊಗೆ ಬರುವ ಹೊತ್ತಿಗೆ ನಲವತ್ತು ದಾಟಿತ್ತು. 1923ರಲ್ಲಿ ನ್ಯೂಯಾರ್ಕ್‌ನ ಡಬ್ಲ್ಯುಇಎಎಫ್ ಕೇಂದ್ರದಲ್ಲಿ ಸುದ್ದಿಯ ಬಗ್ಗೆ ಮಾತಾಡಲು ಶುರು ಮಾಡಿದರು. ಆ ಕೇಂದ್ರದ ಮಾಲೀಕರು ಎಟಿ ಅಂಡ್ ಟಿ, ಅಂದರೆ ಟೆಲಿಫೋನ್ ಕಂಪನಿ. ಸೋವಿಯತ್ ರಷ್ಯಾಕ್ಕೆ ಮಾನ್ಯತೆ ಕೊಡದ ಸರ್ಕಾರದ ನೀತಿಯನ್ನು ಟೀಕಿಸಿದರು. ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಕಿವಿಗೆ ಅದು ಬಿತ್ತು, ಅವರು ಕಂಪನಿಗೆ ದೂರು ಕೊಟ್ಟರು, ಕಂಪನಿ ಒಪ್ಪಂದ ಮುಂದುವರಿಸಲಿಲ್ಲ. ಕಾನೂನು ಬೇಕಾಗಲಿಲ್ಲ, ಕೇಸೂ ಇಲ್ಲ. ಒಂದು ದೂರು ಸಾಕಾಯಿತು. ರೇಡಿಯೊ ಸುದ್ದಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲಕ್ಕೇ ಈ ಪಾಠ ಆಗಿಹೋಗಿತ್ತು ನೋಡಿ.

ಆಮೇಲೆ ಸಿಬಿಎಸ್ ಅನ್ನುವ ರೇಡಿಯೊ ಜಾಲ ಸೇರಿದರು. 1936ರಲ್ಲಿ ಸ್ಪೇನ್‌ನ ಅಂತರ್ಯುದ್ಧ. ಇರುನ್ ಪಟ್ಟಣದ ಹತ್ತಿರ, ಫ್ರಾನ್ಸ್ ಗಡಿಯಲ್ಲಿ, ಒಂದು ಹುಲ್ಲಿನ ಮೆದೆಯ ಮರೆಯಲ್ಲಿ ಕೂತು ಗುಂಡಿನ ಸದ್ದು ಕೇಳುವಂತೆ ನೇರವಾಗಿ ಅಮೆರಿಕಕ್ಕೆ ವರದಿ ಮಾಡಿದರು. ಯುದ್ಧದ ಸದ್ದು ಹೀಗೆ ಜನರ ಮನೆಯೊಳಗೆ ಬಂದದ್ದು ಅವರಿಗೆಲ್ಲ ಹೊಸದು. ಆದರೆ ಲೈನು ಸಿದ್ಧವಾಗಿ, ಗುಂಡು ಹಾರುತ್ತಿರುವಾಗಲೂ ನ್ಯೂಯಾರ್ಕ್‌ನಿಂದ ‘ಸ್ವಲ್ಪ ಕಾಯಿರಿ, ಈಗ ಜಾಹೀರಾತಿನ ಕಾರ್ಯಕ್ರಮಗಳಿವೆ’ ಅನ್ನುವ ಉತ್ತರ ಬಂತಂತೆ. ನಗು ಬರುತ್ತೆ, ಸಿಟ್ಟೂ ಬರುತ್ತೆ.

ಅವರ ನಿಜವಾದ ಕಾಲ 1938ರ ಸೆಪ್ಟೆಂಬರ್. ಚೆಕೊಸ್ಲೊವಾಕಿಯಾದ ಮೇಲೆ ಹಿಟ್ಲರ್ ಕಣ್ಣು ಹಾಕಿದ್ದ, ಯುದ್ಧ ಇವತ್ತೋ ನಾಳೆಯೋ ಅನ್ನುವ ಸ್ಥಿತಿ. ಸೆಪ್ಟೆಂಬರ್ 12ರಿಂದ, ಆ ದೇಶದ ಒಂದು ಭಾಗವನ್ನು ಹಿಟ್ಲರ್‌ಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದದವರೆಗೆ, 18 ದಿನ ಕಾಲ್ಟೆನ್‌ಬಾರ್ನ್ ಸಿಬಿಎಸ್‌ನ ಒಂಬತ್ತನೇ ಸ್ಟುಡಿಯೊ ಬಿಟ್ಟು ಹೋದದ್ದೇ ಕಡಿಮೆ. ಅಲ್ಲೇ ಒಂದು ಮಂಚ ಹಾಕಿಕೊಂಡು ಮಲಗುತ್ತಿದ್ದರು. ಎಂಬತ್ತಕ್ಕೂ ಹೆಚ್ಚು ಸಲ ಮೈಕ್ ಮುಂದೆ ಕೂತರು, ಒಂದು ಸಲಕ್ಕೂ ಬರೆದಿಟ್ಟ ಸ್ಕ್ರಿಪ್ಟ್ ಇಲ್ಲ. ಹಿಟ್ಲರ್ ಭಾಷಣ ನೇರವಾಗಿ ಬರುತ್ತಿತ್ತು, ಇವರು ಜರ್ಮನ್‌ನಲ್ಲೇ ಕೇಳಿಸಿಕೊಂಡು, ಅದು ಮುಗಿದ ಕೂಡಲೇ ಅವನು ಏನು ಹೇಳಿದ, ಏನು ಹೇಳದೆ ಬಿಟ್ಟ, ಇದರಿಂದ ಪ್ರಾಗ್‌ನಲ್ಲಿ ಲಂಡನ್‌ನಲ್ಲಿ ಏನಾಗಬಹುದು ಅಂತ ಬಿಡಿಸಿ ಹೇಳುತ್ತಿದ್ದರು. ಫ್ರೆಂಚ್ ಕೂಡ ಬರುತ್ತಿತ್ತು. 1932ರಲ್ಲೇ ಹಿಟ್ಲರ್‌ನ ಸಂದರ್ಶನ ಮಾಡಿ ಬಂದಿದ್ದವರು. ಲಂಡನ್‌ನಿಂದ ಮರ್ರೋ ಮಾತಾಡುತ್ತಿದ್ದರು, ಎಲ್ಲವನ್ನೂ ಜೋಡಿಸಿ ಅರ್ಥ ಮಾಡಿಸುವ ಕೆಲಸ ಇವರದ್ದು. ಎಷ್ಟು ಅಭ್ಯಾಸವಾಗಿತ್ತು ಅಂದರೆ, ಇಂಗ್ಲೆಂಡಿನ ಆರ್ಚ್‌ಬಿಷಪ್ ಒಬ್ಬರ ಪ್ರಾರ್ಥನೆ ಪ್ರಸಾರವಾದ ಮೇಲೆ ಅದನ್ನೂ ವಿಶ್ಲೇಷಣೆ ಮಾಡಿಬಿಟ್ಟರು ಅನ್ನುವ ಕಥೆ ಇದೆ!

ಇಷ್ಟಾದ ಮೇಲೆ ಸ್ಟಾರ್ ಆಗದೆ ಇರುತ್ತಾರಾ? ಜನರಲ್ ಮಿಲ್ಸ್, ಹಿಟ್ಟಿನ ಕಂಪನಿ, ಪ್ರಾಯೋಜಕರಾಗಿ ಬಂತು. ಆದರೆ ಸ್ಪೇನ್ ಬಗ್ಗೆ ಅವರು ಹೇಳುತ್ತಿದ್ದದ್ದು ಕ್ಯಾಥೊಲಿಕ್ ಕೇಳುಗರಲ್ಲಿ ಹಲವರಿಗೆ ಹಿಡಿಸಲಿಲ್ಲ. ಒತ್ತಡ ಬಂತು, 1939ರಲ್ಲಿ ಕಂಪನಿ ಕೈಬಿಟ್ಟಿತು. ಪ್ಯೂರ್ ಆಯಿಲ್ ಅನ್ನುವ ಎಣ್ಣೆ ಕಂಪನಿ ಸಿಕ್ಕಿತು, ಬದುಕಿಕೊಂಡರು. ಬೋಕ್ ಕಾರ್ಟರ್ ಅನ್ನುವ ಇನ್ನೊಬ್ಬ ಕಾಮೆಂಟೇಟರ್‌ಗೆ ಆ ಅದೃಷ್ಟ ಇರಲಿಲ್ಲ. 1930ರ ದಶಕದಲ್ಲಿ ಭಾರೀ ಜನಪ್ರಿಯತೆ ಇದ್ದವರು, ರೂಸ್‌ವೆಲ್ಟ್ ಸರ್ಕಾರವನ್ನು ಬಿಡದೆ ಟೀಕಿಸುತ್ತಿದ್ದರು. 1938ರಲ್ಲಿ ಸಿಬಿಎಸ್‌ನಿಂದ ಅವರ ಕಾರ್ಯಕ್ರಮ ನಿಂತೇಹೋಯಿತು, ಮತ್ತೆ ಆ ಎತ್ತರಕ್ಕೆ ಏರಲಿಲ್ಲ. ನನಗೆ ಕಾರ್ಟರ್ ಮಾತಿನ ಶೈಲಿ ಇಷ್ಟವಿಲ್ಲ, ತಿಳಿದದ್ದಕ್ಕಿಂತ ಕೂಗಾಟ ಜಾಸ್ತಿ. ಆದರೂ ಹೇಳುತ್ತೇನೆ, ಇಷ್ಟವಿಲ್ಲದವರ ಬಾಯಿ ಮುಚ್ಚಿದ ದಾರಿಯಲ್ಲೇ ಇಷ್ಟವಾದವರ ಬಾಯಿಯನ್ನೂ ಮುಚ್ಚುತ್ತಾರೆ, ಅಲ್ವಾ?

1940ರಲ್ಲಿ ಕಾಲ್ಟೆನ್‌ಬಾರ್ನ್ ಇನ್ನೊಂದು ರೇಡಿಯೊ ಜಾಲ ಎನ್‌ಬಿಸಿಗೆ ಹೋದರು. 1943ರಲ್ಲಿ ಸಿಬಿಎಸ್ ತನ್ನವರಿಗೆ ಪ್ರಸಾರದಲ್ಲಿ ಸ್ವಂತ ಅಭಿಪ್ರಾಯ ಬೇಡ ಅಂತ ಕಟ್ಟುನಿಟ್ಟು ಮಾಡಿದಾಗ ಇವರು ಬಹಿರಂಗವಾಗಿ ವಿರೋಧಿಸಿದರು. ಯಾವ ಸುದ್ದಿ ಹೇಳಬೇಕು, ಯಾವುದು ಬಿಡಬೇಕು ಅಂತ ಆರಿಸುವುದರಲ್ಲೇ ಅಭಿಪ್ರಾಯ ಇದೆ ಅನ್ನುವುದು ಅವರ ವಾದ. ನಾನು ಈ ವಾದದ ಪರ. ‘ನಾವು ಯಾರ ಕಡೆಯೂ ಇಲ್ಲ’ ಅನ್ನುವವರಿಗಿಂತ ‘ನನಗೆ ಹೀಗನ್ನಿಸುತ್ತೆ’ ಅನ್ನುವವರನ್ನು ನಂಬುವುದು ಸುಲಭ. ಅವರು ತಪ್ಪಿದಾಗ ಹಿಡಿಯಬಹುದು.

ಹಿಡಿದರು ಕೂಡ. 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯ ರಾತ್ರಿ, ಆಗಿನ ಅಧ್ಯಕ್ಷ ಟ್ರೂಮನ್ ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ, ಇದು ನಿಲ್ಲುವುದಿಲ್ಲ, ಗೆಲ್ಲುವುದು ಎದುರಾಳಿ ಡ್ಯೂಯಿ ಅನ್ನುತ್ತಲೇ ಇದ್ದರು ಕಾಲ್ಟೆನ್‌ಬಾರ್ನ್. ಹಳ್ಳಿ ಕಡೆಯ ಮತ ಬಂದರೆ ಲೆಕ್ಕ ತಿರುಗುತ್ತೆ ಅನ್ನುವ ಹಳೆಯ ಲೆಕ್ಕಾಚಾರ. ತಿರುಗಲಿಲ್ಲ. ಕೊನೆಗೆ ಗೆಲುವು ನಿರ್ಧರಿಸುವ ಎಲೆಕ್ಟೋರಲ್ ಮತಗಳಲ್ಲಿ ಟ್ರೂಮನ್ 303, ಡ್ಯೂಯಿ 189. ಸಮೀಕ್ಷೆ ಮಾಡಿದವರೆಲ್ಲ ತಪ್ಪಿದ್ದರು, ಒಂದು ದೊಡ್ಡ ಪತ್ರಿಕೆ ಡ್ಯೂಯಿ ಗೆದ್ದರು ಅಂತ ಮುಖಪುಟದಲ್ಲೇ ಅಚ್ಚು ಹಾಕಿತ್ತು. ಆದರೆ 1949ರ ಜನವರಿಯ ಔತಣಕೂಟದಲ್ಲಿ ಟ್ರೂಮನ್ ಅಣಕ ಮಾಡಿದ್ದು ಕಾಲ್ಟೆನ್‌ಬಾರ್ನ್‌ರ ಆ ಗಡಸು, ಕತ್ತರಿಸಿದಂಥ ಉಚ್ಚಾರಣೆಯನ್ನು. ಇವರು ಅದನ್ನು ನಗುತ್ತಲೇ ತೆಗೆದುಕೊಂಡರು. ಆ ರಾತ್ರಿ ಯಾವ ಪ್ರಾಯೋಜಕರೂ ಅವರ ಬಾಯಿಗೆ ಮಾತು ತುರುಕಿರಲಿಲ್ಲ. ಕಣ್ಣ ಮುಂದೆ ಬರುತ್ತಿದ್ದ ಅಂಕಿಗಿಂತ ತಲೆಯಲ್ಲಿದ್ದ ಲೆಕ್ಕವನ್ನು ಹೆಚ್ಚು ನಂಬಿದರು, ಅಷ್ಟೇ. ವಿಶ್ಲೇಷಕರಿಗೆ ಅದು ಸಣ್ಣ ತಪ್ಪೇನಲ್ಲ.

ಮುಂದೆ ಟಿವಿ ಬಂತು. ಅವರಿಗೂ ವಯಸ್ಸಾಗಿತ್ತು. 1950ರ ದಶಕದಲ್ಲಿ ದನಿ ಮರೆಯಾಯಿತು, 1965ರಲ್ಲಿ ತೀರಿಕೊಂಡರು. ಹುಡುಕಿದರೆ ಮೊದಲು ಸಿಗುವುದು ಟ್ರೂಮನ್ ಅಣಕದ ತುಣುಕು. ಅದನ್ನು ನೋಡಿ ನಕ್ಕುಬಿಡಿ, ಪರವಾಗಿಲ್ಲ. ಆಮೇಲೆ 1938ರ ಸೆಪ್ಟೆಂಬರ್‌ನ ಧ್ವನಿಮುದ್ರಣಗಳನ್ನೂ ಕೇಳಿ, ಸುಮ್ನೆ ಹತ್ತು ನಿಮಿಷ ಸಾಕು. ಕೇಳಿದವರು ಇಲ್ಲಿ ಬಂದು ಜಗಳ ಆಡಬಹುದು.