ಬರೀ ಮೈಸೂರು ಎಂದು ಕೊಟ್ಟಾಗ

ಇಂದು ಬೆಳಿಗ್ಗೆ ಕುವೆಂಪುನಗರದ ನಮ್ಮ ಮನೆಯಲ್ಲಿ ಎಂದಿನ ಭಾನುವಾರದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಾನು ಬರೆದ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಒಂದನ್ನು ತೋರಿಸಿದ. ಎಷ್ಟು ಊರುಗಳ ಹೆಸರು ಕೊಟ್ಟರೂ ತೆಗೆದುಕೊಂಡು, ಮೊದಲನೆಯದನ್ನು ರೈಲು ಹೊರಡುವ ಊರೆಂದೂ ಕೊನೆಯದನ್ನು ತಲುಪುವ ಊರೆಂದೂ ನಡುವಿನವನ್ನು ನಿಲುಗಡೆಗಳೆಂದೂ ಹೇಳುವ ಫಂಕ್ಷನ್ ಅದು. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಎಂದು ಕೊಟ್ಟಾಗ ಸರಿಯಾಗಿಯೇ ಉತ್ತರಿಸಿತು. ಬರೀ ಮೈಸೂರು ಎಂದು ಕೊಟ್ಟೆವು. ಮೈಸೂರಿನಿಂದ ಹೊರಟು ಮೈಸೂರಿಗೇ ತಲುಪುವ ರೈಲನ್ನು ಯಾವ ದೋಷವನ್ನೂ ತೋರಿಸದೆ ಮುದ್ರಿಸಿತು.

ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ, ಅವನಿಗೆ ಕಲಿಸಿದ ಪದ್ಧತಿಯ ಮೇಲೆ. ಫಂಕ್ಷನ್‌ಗೆ ಕೊಟ್ಟ ಮೌಲ್ಯಗಳನ್ನು, ಅಂದರೆ ಆರ್ಗ್ಯುಮೆಂಟ್‌ಗಳನ್ನೆಲ್ಲ, ಒಂದು ಟ್ಯೂಪಲ್‌ಗೆ (ಅಂಶಗಳ ಸಾಲಿಗೆ) ತುಂಬಿಕೊಂಡು, ಅದರ ಉದ್ದ ಅಳೆದು, ಇಷ್ಟಿದ್ದರೆ ಹೀಗೆ, ಅಷ್ಟಿದ್ದರೆ ಹಾಗೆ ಎಂದು ಇಫ್‌ಗಳ ಏಣಿ ಕಟ್ಟಿ, ಒಳಗೆ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಹಿಡಿದು ಒಂದೊಂದನ್ನೇ ಹೆಕ್ಕುವುದನ್ನು ಇನ್ನೂ ಕಲಿಸುತ್ತಿದ್ದಾರೆ. ಆ ಏಣಿಯಲ್ಲಿ ಒಂದು ಮೆಟ್ಟಿಲು ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಅಂಶವಿರುವ ಟ್ಯೂಪಲ್‌ನಲ್ಲಿ ಮೊದಲನೆಯದನ್ನು ಸೂಚಿಸುವ ಸೊನ್ನೆಯ ಇಂಡೆಕ್ಸ್ ಕೇಳಿದರೂ ಕೊನೆಯದನ್ನು ಸೂಚಿಸುವ ಮೈನಸ್ ಒಂದರದನ್ನು ಕೇಳಿದರೂ ಸಿಗುವುದು ಅದೇ ಅಂಶ. 2021ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.10ರಲ್ಲೇ, ಕೊಟ್ಟದ್ದರ ಆಕಾರವನ್ನು ಪ್ಯಾಟರ್ನ್‌ಗಳೊಂದಿಗೆ ಹೋಲಿಸಿ ನೋಡುವ ಮ್ಯಾಚ್ ಸೇರಿದೆ. ಮೊದಲು, ಎಷ್ಟಿದ್ದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ ಹೊತ್ತ ನಡುವಿನವು, ಕೊನೆ ಎಂದು ಒಂದೇ ಸಾಲಿನ ಪ್ಯಾಟರ್ನ್ ಬರೆದರೆ, ಕನಿಷ್ಠ ಎರಡು ಹೆಸರಿಲ್ಲದೆ ಅದು ಹೊಂದುವುದೇ ಇಲ್ಲ. ನಾವು ಹೇಳಬೇಕೆಂದಿದ್ದ ನಿಯಮವೇ ಆ ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ಗೆಳೆಯರೊಬ್ಬರು, ಎಷ್ಟಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್‌ಗಳೇ ಬೇಡ, ಒಂದು ಲಿಸ್ಟ್ ಕೊಟ್ಟರೆ ಸಾಕು ಎನ್ನುತ್ತಾರೆ. ಎರ್ಲ್ಯಾಂಗ್ ಎಂಬ ಭಾಷೆಯಲ್ಲಿ ಆರ್ಗ್ಯುಮೆಂಟ್‌ಗಳ ಸಂಖ್ಯೆಯೂ ಫಂಕ್ಷನ್ನಿನ ಗುರುತಿನಲ್ಲೇ ಸೇರಿರುವುದರಿಂದ ಅಲ್ಲಿ ಹಾಗೆಯೇ ಮಾಡಬೇಕು, ಒಪ್ಪುತ್ತೇನೆ. ಆದರೆ ಲಿಸ್ಟ್ ಕೂಡ ಖಾಲಿಯಿರಬಹುದು, ಒಂದೇ ಹೆಸರಿನದಿರಬಹುದು. ಅದನ್ನೂ ಉದ್ದ ಅಳೆದೇ ಬಿಡಿಸಿದರೆ ಅದೇ ರೈಲು ಮತ್ತೆ ಮೈಸೂರಿನಿಂದ ಮೈಸೂರಿಗೇ ಹೋಗುತ್ತದೆ.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿ ಭಾಷೆಯಲ್ಲಿ ಇಂಥದೇ ಫಂಕ್ಷನ್ ಬರೆದಿದ್ದೆ. ಎಷ್ಟು ಆರ್ಗ್ಯುಮೆಂಟ್ ಬಂದಿವೆಯೆಂದು ಅಲ್ಲಿ ಫಂಕ್ಷನ್‌ಗೆ ತಾನಾಗಿ ತಿಳಿಯುವುದಿಲ್ಲವಾದ್ದರಿಂದ ಮುಗಿಯಿತೆಂಬ ಗುರುತಾಗಿ ಕೊನೆಯಲ್ಲಿ ನಲ್ ಪಾಯಿಂಟರ್ ಇಡುವುದೆಂದು ಮಾಡಿಕೊಂಡು, ಕರೆಯುವ ಒಂದೇ ಒಂದು ಕಡೆ ಅದನ್ನು ಇಡಲು ನಾನೇ ಮರೆತೆ. ಕಂಪೈಲರ್ ಏನೂ ಹೇಳಲಿಲ್ಲ. ಪ್ರೋಗ್ರಾಮ್ ಕೆಲವು ದಿನ ಸರಿಯಾಗಿ ನಡೆದು, ಕೆಲವು ದಿನ ಕುಸಿದು ಬೀಳುತ್ತಿತ್ತು. ಆ ವಾರದ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ.

ಪೈಥಾನ್‌ನ ಮ್ಯಾಚ್‌ನಲ್ಲೂ ಒಂದು ಕೊರತೆ ಇದೆ. ಯಾವ ಕೇಸೂ (ಅಂದರೆ ಅದರಲ್ಲಿ ಬರೆದ ಯಾವ ಪ್ಯಾಟರ್ನೂ) ಹೊಂದದಿದ್ದರೆ ಅದು ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ಎರ್ಲ್ಯಾಂಗ್‌ನಲ್ಲಿ ಫಂಕ್ಷನ್ನಿನ ಯಾವ ಕ್ಲಾಝೂ (ಅದರ ಪರ್ಯಾಯ ರೂಪಗಳಲ್ಲಿ ಯಾವುದೂ) ಹೊಂದದಿದ್ದರೆ ಆ ಕ್ಷಣವೇ ದೋಷ ಏಳುತ್ತದೆ. ಆದ್ದರಿಂದ ಹುಡುಗನಿಂದ ಫಂಕ್ಷನ್ನನ್ನು ಮ್ಯಾಚ್‌ನಲ್ಲಿ ತಿರುಗಿ ಬರೆಸಿ, ಕೊನೆಯಲ್ಲಿ ಬೇರೇನು ಬಂದರೂ ಹೊಂದುವ ಅಂಡರ್‌ಸ್ಕೋರ್ ಕೇಸ್ ಒಂದನ್ನು ಸೇರಿಸಿ, ಅಲ್ಲಿ ಟೈಪ್‌ಎರರ್ ಎಂಬ ದೋಷ ಎತ್ತುವಂತೆ ಮಾಡಿದೆ. ಮತ್ತೆ ಬರೀ ಮೈಸೂರು ಎಂದು ಕೊಟ್ಟು ನೋಡಿದೆವು. ಈ ಸಲ ರೈಲು ಹೊರಡಲಿಲ್ಲ.