ಬಿದ್ದ ಬೈಕ್ ಎತ್ತೋದನ್ನೂ ಲೈಸೆನ್ಸಿನ ಜೊತೆ ಕಲಿಸಬಾರದಾ?

ಜಪಾನಿನಲ್ಲಿ ಬೈಕ್ ಲೈಸೆನ್ಸಿಗಾಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದರೆ, ಗೇರು ಕ್ಲಚ್ಚಿನ ಮಾತು ಬರುವ ಮೊದಲೇ ಒಂದು ಕೆಲಸ ಮಾಡಿಸುತ್ತಾರೆ. ಸುಮಾರು 200 ಕಿಲೋ ತೂಕದ ಗಾಡಿಯನ್ನು ಪಕ್ಕಕ್ಕೆ ವಾಲಿಸಿ ನೆಲಕ್ಕೆ ಮಲಗಿಸುತ್ತಾರೆ. ಆಮೇಲೆ ‘ಎತ್ತಿ ನಿಲ್ಲಿಸಿ’ ಅನ್ನುತ್ತಾರೆ. ಎತ್ತಿದ ಮೇಲೆ ತಳ್ಳಿಕೊಂಡು ಓಡಾಡಿಸುತ್ತಾರೆ, ಸೆಂಟರ್ ಸ್ಟ್ಯಾಂಡ್ ಹಾಕಿಸುತ್ತಾರೆ. ಓಡಿಸುವ ಪಾಠ ಇದೆಲ್ಲ ಆದ ಮೇಲೆ.

ಭಾರತದಲ್ಲಿ ಲೈಸೆನ್ಸ್ ತೆಗೆದುಕೊಂಡು ಇಲ್ಲಿಗೆ ಬಂದ ನನಗೆ ಇದು ವಿಚಿತ್ರವಾಗಿ ಕಂಡಿತ್ತು. ನಮ್ಮಲ್ಲಿ ಪರೀಕ್ಷೆ ಎಂದರೆ ಎಂಟು ಹಾಕುವುದು. ಕಾಲು ಊರದೆ ಎಂಟು ಹಾಕಿದರೆ ಮುಗಿಯಿತು. ಬೈಕ್ ಬೀಳುವುದು ಅಂದರೆ ಫೇಲಾಗುವುದು, ಅದರ ಬಗ್ಗೆ ಮಾತಾಡುವುದೇ ಅಪಶಕುನ ಅನ್ನುವ ಹಾಗೆ. ಇಲ್ಲಿ ನೋಡಿದರೆ, ಇವತ್ತಲ್ಲ ನಾಳೆ ಗಾಡಿ ಬಿದ್ದೇ ಬೀಳುತ್ತದೆ ಎಂದುಕೊಂಡೇ ಪಾಠ ಶುರುವಾಗುತ್ತದೆ. ನನಗೆ ಈಗ ಇದೇ ಸರಿ ಅನಿಸುತ್ತದೆ. ಆದರೆ ಪೂರ್ತಿ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡೂ ದೇಶಗಳ ಲೈಸೆನ್ಸಿನ ಲೆಕ್ಕವೇ ಬೇರೆ. ಭಾರತದಲ್ಲಿ ಗೇರ್ ಇರುವ ಮೋಟಾರ್ ಸೈಕಲ್ಲಿಗೆ ಒಂದೇ ಲೈಸೆನ್ಸ್. 100 ಸಿಸಿ ಗಾಡಿಯಲ್ಲಿ ಪರೀಕ್ಷೆ ಕೊಟ್ಟು, ಮಾರನೇ ದಿನ 1,800 ಸಿಸಿ ಗೋಲ್ಡ್ ವಿಂಗ್ ಓಡಿಸಿದರೂ ಕಾನೂನಿನ ಅಡ್ಡಿ ಇಲ್ಲ. ಮೊದಲನೆಯದು 110 ಕಿಲೋ ಆಸುಪಾಸು, ಎರಡನೆಯದು 360 ಕಿಲೋಗೂ ಜಾಸ್ತಿ. ಜಪಾನಿನಲ್ಲಿ 400 ಸಿಸಿ ಹತ್ತಿರ ಒಂದು ಗೆರೆ ಎಳೆದಿದ್ದಾರೆ. ಅಲ್ಲಿಯವರೆಗಿನ ಲೈಸೆನ್ಸ್ 16 ವರ್ಷಕ್ಕೆ ಸಿಗುತ್ತದೆ, ಅದರ ಮೇಲಿನದಕ್ಕೆ 18 ಆಗಬೇಕು, ಮತ್ತೆ ಬೇರೆ ಪರೀಕ್ಷೆ. ಈ ದೊಡ್ಡ ಬೈಕಿನ ಲೈಸೆನ್ಸನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಪಡೆಯಲು ಅವಕಾಶವಾದದ್ದೇ 1996ರಲ್ಲಿ. ಅದಕ್ಕೂ ಮೊದಲು ಸೀದಾ ಸರ್ಕಾರಿ ಪರೀಕ್ಷೆಗೇ ಹೋಗಿ ಪಾಸಾಗಬೇಕಿತ್ತು, ಅದು ತುಂಬಾ ಕಷ್ಟ ಅನ್ನುವ ಹೆಸರಿತ್ತು. ಇಂಗ್ಲೆಂಡಿನ ಪರೀಕ್ಷೆಯಲ್ಲೂ ಇಂಜಿನ್ ಆಫ್ ಮಾಡಿದ ಬೈಕನ್ನು ಒಂದು ಜಾಗದಿಂದ ಇನ್ನೊಂದಕ್ಕೆ ತಳ್ಳಿ ನಿಲ್ಲಿಸಿ ತೋರಿಸಬೇಕು. ಅಂದರೆ ಬೈಕಿನ ತೂಕವೂ ಪಾಠದ ಒಂದು ಭಾಗ ಎಂದು ಇವರೆಲ್ಲ ಒಪ್ಪಿಕೊಂಡಿದ್ದಾರೆ.

ನಮ್ಮಲ್ಲಿ ತೂಕ ಲೆಕ್ಕಕ್ಕೆ ಬಾರದೇ ಹೋದದ್ದಕ್ಕೆ ಕಾರಣ ಇದೆ. ಬಹಳ ವರ್ಷ ಹೆಚ್ಚಿನವರ ಬೈಕು ಹಗುರವಾಗಿಯೇ ಇತ್ತು. ಬಿದ್ದರೆ ಹ್ಯಾಂಡಲ್ ಹಿಡಿದು ಎಳೆದರೆ ಎದ್ದು ನಿಲ್ಲುತ್ತಿತ್ತು. ಈಗ ಕಾಲೇಜು ಹುಡುಗರೂ 195 ಕಿಲೋದ ಕ್ಲಾಸಿಕ್ 350 ಓಡಿಸುತ್ತಾರೆ. 650 ಸಿಸಿ ಗಾಡಿಗಳಲ್ಲಿ ಹೆಚ್ಚಿನವು 200 ದಾಟುತ್ತವೆ. ಅದರ ಮೇಲೆ ಲಗೇಜ್ ಬೇರೆ. ಹ್ಯಾಂಡಲ್ ಹಿಡಿದು ಎಳೆಯುವ ಹಳೇ ಅಭ್ಯಾಸ ಮಾತ್ರ ಹಾಗೇ ಇದೆ.

ಅದು ಯಾಕೆ ನಡೆಯುವುದಿಲ್ಲ ಅಂತ ಸ್ವಲ್ಪ ಲೆಕ್ಕ ಹಾಕೋಣ. ಬಿದ್ದ ಬೈಕಿನ ಪೂರ್ತಿ ತೂಕವನ್ನು ನಾವು ಹೊರಬೇಕಿಲ್ಲ. ಟೈರುಗಳು ನೆಲ ಮುಟ್ಟಿರುವ ಜಾಗವೇ ಬಾಗಿಲಿನ ಹಿಂಜಿನ ಹಾಗೆ, ಬೈಕು ಅದರ ಸುತ್ತ ಏಳುತ್ತದೆ. ಆ ಹಿಂಜಿನಿಂದ ಬೈಕಿನ ಭಾರದ ಕೇಂದ್ರ ಅರ್ಧ ಮೀಟರ್ ದೂರದಲ್ಲಿದೆ, ನಮ್ಮ ಕೈ 80 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 200 ಕಿಲೋ ಗಾಡಿಗೆ ಶುರುವಿನಲ್ಲಿ 100 ಕಿಲೋಗೂ ಮೇಲಿನ ಬಲ ಬೇಕು. ಅರ್ಧ ಎದ್ದಾಗ 90 ಕಿಲೋದಷ್ಟು. ಇನ್ನೇನು ನೆಟ್ಟಗಾಗುತ್ತದೆ ಅನ್ನುವಾಗ ಬರೀ 20 ಕಿಲೋ. ಅಂದರೆ ಮೊದಲ ಒಂದು ಗೇಣು ಏಳಿಸುವುದೇ ದೊಡ್ಡ ಕೆಲಸ. ಆ ಗೇಣನ್ನು ಬಗ್ಗಿದ ಬೆನ್ನಿನಿಂದ, ಬರೀ ತೋಳಿನಿಂದ ಎತ್ತಲು ಹೋದವರಿಗೆ ಸೊಂಟ ಹಿಡಿಯದೆ ಇರುತ್ತದಾ?

ಇಲ್ಲಿ ಕಲಿಸುವ ರೀತಿ ಇದು. ಬಿದ್ದ ಬದಿಗೇ ಹ್ಯಾಂಡಲನ್ನು ಪೂರ್ತಿ ತಿರುಗಿಸು. ಬೈಕಿನ ಹತ್ತಿರ ಕೂತು ಎದೆ ಹೊಟ್ಟೆಯನ್ನು ಟ್ಯಾಂಕು ಸೀಟಿಗೆ ಒತ್ತಿ ಹಿಡಿ. ಒಂದು ಕೈ ಹ್ಯಾಂಡಲಿನಲ್ಲಿ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲಿನಲ್ಲಿ (ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ) ಅಥವಾ ಫ್ರೇಮಿನಲ್ಲಿ. ಮೇಲಕ್ಕೆ ಎತ್ತಬೇಡ, ಕಾಲಿನಿಂದ ನೆಲ ಒದ್ದು ಮುಂದಕ್ಕೆ ತಳ್ಳು. ನಿಮ್ಮ ಮೈ ಬೈಕಿಗೆ ಅಂಟಿಕೊಂಡಷ್ಟೂ ತೊಡೆಯ ಬಲ ಸೀದಾ ಗಾಡಿಗೆ ಹೋಗುತ್ತದೆ. ಮಧ್ಯೆ ಜಾಗ ಬಿಟ್ಟರೆ ಎಲ್ಲಾ ಭಾರ ಕೈಗೆ ಬರುತ್ತದೆ.

ಇನ್ನೊಂದು ವಿಧಾನ ಅಮೆರಿಕದ ಭಾರೀ ಟೂರಿಂಗ್ ಬೈಕಿನವರು ಜಾಸ್ತಿ ಬಳಸುವುದು. ಬೈಕಿಗೆ ಬೆನ್ನು ಮಾಡಿ, ಕುಂಡಿಯನ್ನು ಸೀಟಿನ ಅಂಚಿಗೆ ಒತ್ತಿ ಕೂರುವುದು. ಒಂದು ಕೈಯಲ್ಲಿ ಕೆಳಗಿರುವ ಗ್ರಿಪ್, ಇನ್ನೊಂದರಲ್ಲಿ ಫ್ರೇಮು. ತಲೆ ಎತ್ತಿ, ಬೆನ್ನು ನೆಟ್ಟಗಿಟ್ಟು, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋಗುವುದು. ನೋಡೋಕೆ ತಮಾಷೆಯಾಗಿರುತ್ತದೆ. ಆದರೆ ತೀರಾ ಭಾರದ ಗಾಡಿಗೆ ಇದೇ ವಾಸಿ ಅಂತ ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಬೆನ್ನು ಬಗ್ಗಿಸೋಕೆ ದಾರಿಯೇ ಇಲ್ಲ. ಕಷ್ಟ ಒಂದೇ: ಆ ಕಡೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಗಾಡಿ ನೆಟ್ಟಗಾಗಿ, ನಿಲ್ಲದೆ, ಇನ್ನೊಂದು ಬದಿಗೆ ಧೊಪ್ಪನೆ ಬೀಳುವ ಅಪಾಯ ಇದೆ.

ಅದಕ್ಕೇ ಎತ್ತುವ ಮೊದಲು ಬೈಕ್ ಯಾವ ಕಡೆ ಬಿದ್ದಿದೆ ಎಂದು ನೋಡಬೇಕು. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ. ಬಲಕ್ಕೆ ಬಿದ್ದಿದ್ದರೆ ಅದೃಷ್ಟ: ಸ್ಟ್ಯಾಂಡನ್ನು ಮೊದಲೇ ಬಿಡಿಸಿಟ್ಟರೆ ಗಾಡಿ ಎದ್ದು ಅದರ ಮೇಲೇ ಕೂರುತ್ತದೆ. ಗೇರ್ ಲಿವರ್ರೂ ಮೇಲೆ ಇರುವುದರಿಂದ ಕೈಯಲ್ಲೇ ಮೊದಲ ಗೇರಿಗೆ ಹಾಕಬಹುದು, ಆಗ ಗಾಡಿ ಉರುಳುವುದಿಲ್ಲ. ಎಡಕ್ಕೆ ಬಿದ್ದರೆ ಸ್ಟ್ಯಾಂಡು, ಗೇರು ಎರಡೂ ಅಡಿಯಲ್ಲಿ. ಆಗ ಮುಂದಿನ ಬ್ರೇಕ್ ಲಿವರನ್ನು ಗಟ್ಟಿ ರಬ್ಬರ್ ಬ್ಯಾಂಡಿನಿಂದಲೋ ಪಟ್ಟಿಯಿಂದಲೋ ಗ್ರಿಪ್ಪಿಗೆ ಬಿಗಿದು ಕಟ್ಟಬೇಕು. ಇಳಿಜಾರಿನಲ್ಲಿ ಸೀಟು ಕೆಳಗೆ, ಚಕ್ರ ಮೇಲೆ ಆಗುವಂತೆ ಬಿದ್ದಿದ್ದರೆ ಎತ್ತಲು ಹೋಗಲೇಬೇಡಿ. ಮೊದಲು ಗಾಡಿಯನ್ನು ನೆಲದ ಮೇಲೇ ಎಳೆದು ತಿರುಗಿಸಿ.

ಇಷ್ಟು ಓದಿದವರು ಕೇಳಬಹುದು: ಯಾಕಪ್ಪಾ ಇಷ್ಟೆಲ್ಲ? ರಸ್ತೆಯಲ್ಲಿ ಬೈಕು ಬಿದ್ದರೆ ನಾಲ್ಕು ಜನ ಓಡಿ ಬರಲ್ವಾ? ಬರುತ್ತಾರೆ. ಹೊರಗೆ ಬಂದ ಮೇಲೆ ಅದರ ಬೆಲೆ ನನಗೆ ಜಾಸ್ತಿಯೇ ಗೊತ್ತಾಗಿದೆ. ನಮ್ಮ ಕಡೆ ಸವಾರ ಏಳುವ ಮೊದಲೇ ಯಾರೋ ಗಾಡಿ ಎತ್ತಿರುತ್ತಾರೆ. ಆದರೆ ಹೇಗೆ ಎತ್ತುತ್ತಾರೆ ನೋಡಿ. ಒಬ್ಬ ಇಂಡಿಕೇಟರ್ ಹಿಡಿದು ಜಗ್ಗುತ್ತಾನೆ, ಅದು ಕೈಗೆ ಬರುತ್ತದೆ. ಇನ್ನೊಬ್ಬ ಕಾದ ಸೈಲೆನ್ಸರಿಗೆ ಕೈ ಹಾಕುತ್ತಾನೆ. ಮತ್ತೊಬ್ಬನಿಗೆ ಸಿಕ್ಕಿದ್ದು ಎಕ್ಸಿಲೇಟರ್, ಇಂಜಿನ್ ಇನ್ನೂ ಆಫ್ ಆಗಿಲ್ಲ. ಹೊಸ ಗಾಡಿಗಳಲ್ಲಿ ವಾಲಿದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ ನಿಜ, ಹಳೆಯದರಲ್ಲಿ ಅದೆಲ್ಲಿ? ಕೊನೆಗೆ ನಾಲ್ಕೂ ಜನ ಒಂದೇ ಬದಿಯಿಂದ ಎತ್ತಿ, ಇನ್ನೊಂದು ಬದಿಯಲ್ಲಿ ಹಿಡಿಯೋರಿಲ್ಲದೆ ಗಾಡಿ ಆ ಕಡೆಗೆ ಮತ್ತೆ ಮಲಗುತ್ತದೆ.

ಜಪಾನಿನ ಕ್ರಮದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇಲ್ಲೇ ಇದೆ. ಒಬ್ಬನೇ ಎತ್ತುವುದು ಅವರಿಗೆ ಒಂದು ಮಟ್ಟದ ಗೌರವದ ವಿಷಯ. ಶಾಲೆಯ ಬೈಕಿಗೆ ಮುಂದೆ ಹಿಂದೆ ದಪ್ಪ ಗಾರ್ಡ್ ಇರುವುದರಿಂದ ಅದು ಪೂರ್ತಿ ಮಲಗುವುದೇ ಇಲ್ಲ, ಅರ್ಧ ವಾಲಿ ನಿಂತಿರುತ್ತದೆ. ಅದನ್ನು ಎತ್ತಿದವರು ರಸ್ತೆಯಲ್ಲಿ ಜಲ್ಲಿಯ ಮೇಲೆ ಚಪ್ಪಟೆಯಾಗಿ ಬಿದ್ದ ಗಾಡಿಯನ್ನೂ ಎತ್ತಬಲ್ಲೆ ಅಂದುಕೊಳ್ಳುತ್ತಾರೆ. ಇನ್ನು ಸಣ್ಣ ಮೈಕಟ್ಟಿನವರು, ಮೊದಲ ಪಾಠದಲ್ಲೇ ಎತ್ತಲಾಗದೆ, ಬೈಕೇ ತಮಗಲ್ಲ ಅಂದುಕೊಂಡುಬಿಡುತ್ತಾರೆ. ಅದು ಸುಳ್ಳು. ಬೀಳದ ಹಾಗೆ ಓಡಿಸುವುದಕ್ಕೂ ಬಿದ್ದದ್ದನ್ನು ಒಬ್ಬರೇ ಎತ್ತುವುದಕ್ಕೂ ಅಂಥ ನಂಟೇನೂ ಇಲ್ಲ.

ಹಾಗಾದರೆ ಏನು ಕಲಿಸಬೇಕು? ನನ್ನ ಕೇಳಿದರೆ ಮೂರು ಜನ ಸೇರಿ ಎತ್ತುವುದನ್ನೂ ಕಲಿಸಬೇಕು. ಇಬ್ಬರು ಬಿದ್ದ ಬದಿಯಲ್ಲಿ: ಒಬ್ಬ ಹ್ಯಾಂಡಲಿಗೆ, ಒಬ್ಬ ಗ್ರ್ಯಾಬ್ ರೈಲಿಗೆ. ಮೂರನೆಯವನು ಎದುರು ಬದಿಯಲ್ಲಿ ನಿಂತು, ಗಾಡಿ ನೆಟ್ಟಗಾಗುವಾಗ ಹಿಡಿಯೋಕೆ. ಯಾರು ಎಲ್ಲಿ ಹಿಡಿಯಬೇಕು ಅಂತ ಗಾಡಿಯ ಮಾಲೀಕನೇ ಹೇಳಬೇಕು, ‘ಒಂದು ನಿಮಿಷ ಅಣ್ಣಾ, ಅಲ್ಲಿ ಹಿಡೀಬೇಡಿ’ ಅನ್ನೋಕೆ ಸಂಕೋಚ ಪಡಬಾರದು. ಆ ಧೈರ್ಯ ಬರುವುದು ಎತ್ತುವ ಕ್ರಮ ಗೊತ್ತಿದ್ದವರಿಗೆ ಮಾತ್ರ.

ಬಿಟ್ಟುಬಿಡುವುದನ್ನೂ ಕಲಿಸಬೇಕು. ದೊಡ್ಡ ಬೈಕು ಬೀಳುವುದು ಸಾಮಾನ್ಯವಾಗಿ ನಿಂತಾಗ ಇಲ್ಲವೇ ನಡಿಗೆಯ ವೇಗದಲ್ಲಿ. ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕ್ ಒತ್ತುವುದು, ಊರಿದ ಕಾಲಿನ ಕೆಳಗೆ ಜಲ್ಲಿ ಜಾರುವುದು, ಮೆತ್ತಗಿನ ನೆಲದಲ್ಲಿ ಸ್ಟ್ಯಾಂಡ್ ಹೂತುಹೋಗುವುದು. ಒಂದು ಮಿತಿ ದಾಟಿ ವಾಲಿದ ಮೇಲೆ ತಡೆಯಲು ಹೋದರೆ ಮಂಡಿಯೋ ಬೆನ್ನೋ ಹೋಗುತ್ತದೆ. ಕೈ ಬಿಟ್ಟು ಪಕ್ಕಕ್ಕೆ ಸರಿದರೆ ಹೋಗುವುದು ಕನ್ನಡಿ, ಕ್ಲಚ್ ಲಿವರ್. ಯಾವುದು ಅಗ್ಗ ಅಂತ ಬೇರೆ ಹೇಳಬೇಕಾ?

ಎದ್ದ ಗಾಡಿಯನ್ನು ತಕ್ಷಣ ಸ್ಟಾರ್ಟ್ ಮಾಡುವ ಆತುರವೂ ಬೇಡ. ಪೆಟ್ರೋಲ್ ಸೋರಿದೆಯಾ, ಲಿವರ್ ಬಾಗಿದೆಯಾ, ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆಯಾ ನೋಡಿ. ಆಯಿಲ್ ಕೆಳಗಿಳಿಯಲಿ ಅಂತ ಕೆಲವು ನಿಮಿಷ ಬಿಡಿ. ಸಿಲಿಂಡರಿಗೆ ಎಣ್ಣೆಯೋ ಪೆಟ್ರೋಲೋ ಹೋಗಿದ್ದರೆ ಸೆಲ್ಫ್ ಒತ್ತುತ್ತಾ ಹೋಗುವುದು ಇಂಜಿನ್ನಿಗೇ ಕುತ್ತು.

ಇದಕ್ಕೆಲ್ಲ ದೊಡ್ಡ ಏರ್ಪಾಟು ಬೇಕು ಅಂತೇನಿಲ್ಲ. ಎಂಟು ಹಾಕಿಸುವ ಮೈದಾನದ ಮೂಲೆಯಲ್ಲಿ ಒಂದು ಹಳೇ 350 ಸಿಸಿ ಗಾಡಿ ಮಲಗಿಸಿಟ್ಟರೆ ಸಾಕು. ಬಂದವರೆಲ್ಲ ಒಂದು ಸಲ ಒಬ್ಬರೇ, ಇನ್ನೊಂದು ಸಲ ಮೂವರು ಸೇರಿ ಎತ್ತಲಿ. ಎತ್ತಲಾಗದವರನ್ನು ಫೇಲ್ ಮಾಡುವುದು ಬೇಡ, ಕ್ರಮ ಗೊತ್ತಾದರೆ ಆಯಿತು. ಇಂಜಿನ್ ಕೆಟ್ಟಿದ್ದರೂ ನಡೆಯುತ್ತದೆ, ಪೇಂಟ್ ಹೋಗಿದ್ದರೂ ನಡೆಯುತ್ತದೆ. ಪೆಟ್ರೋಲ್ ಮಾತ್ರ ಖಾಲಿ ಮಾಡಿಟ್ಟಿರಲಿ.